ಟ್ಯೂಬಿನೊಳಗಿನ ಗ್ಯಾಸ್ ಎಲ್ಲಿ ಹೋಯಿತು

ಕುಷ್ಟಗಿಯ ಬೇಕರಿ ಮಾಲಕರು ಫೋನ್ ಮಾಡಿದಾಗ ಅಣ್ಣ ಬರ್ನರಿನ ಮುಂದೆ ಕುಳಿತಿದ್ದ. ಕೈಯಲ್ಲಿ ನಿಯಾನ್ ಬೋರ್ಡಿಗೆಂದು ಬಗ್ಗಿಸುತ್ತಿದ್ದ ಮೆತ್ತಗಾದ ಗಾಜಿನ ಕೊಳವೆ ಇತ್ತು. ಅದನ್ನು ನಡುವೆ ಬಿಟ್ಟು ಏಳುವಂತಿಲ್ಲ, ಎದ್ದರೆ ಅಕ್ಷರ ಸೊಟ್ಟಗಾಗುತ್ತದೆ. ಹಾಗಾಗಿ ಫೋನನ್ನು ನಾನೇ ಎತ್ತಿದೆ.

"ಬೋರ್ಡ್ ಮಂಕ ಆಗೇತ್ರಿ," ಅಂದರು ಅವರು. "ಹಾಕ್ಸಿ ಇನ್ನೂ ವರ್ಷ ಸುದ್ದಾ ಆಗಿಲ್ಲ. ನಡುವಿನ 'ಕ' ಅಂತೂ ಪೂರಾ ಹತ್ತೂದೂ ಇಲ್ಲ, ಆರೂದೂ ಇಲ್ಲ. ಗಿರಾಕಿ ನಗಾಕತ್ಯಾರ."

ಫೋನ್ ಇಟ್ಟು ಅಣ್ಣನಿಗೆ ಹೇಳಿದೆ. ಅವನು ಕೊಳವೆಯ ಬಳುಕು ಸರಿಮಾಡಿ ಅದನ್ನು ಆರಲು ಇಟ್ಟ. ಆಮೇಲೆ ನನ್ನ ಕಡೆ ತಿರುಗದೆಯೇ ಕೇಳಿದ: "ಆನೆಗೊಂದಿ ಹೋಟೆಲ್‌ದೂ ಹಂಗ ಆಗೇತಲ್ಲ?"

"ಹೌದು."

"ಎರಡಕ್ಕೂ ಗ್ಯಾಸ್ ತುಂಬಿದಾಕಿ ನೀನ ಅಲ್ಲ?"

ಅದೊಂದು ಸಾದಾ ಪ್ರಶ್ನೆ. ಉತ್ತರ ಅವನಿಗೂ ಗೊತ್ತಿತ್ತು. ನಮ್ಮ ಶೆಡ್ಡಿನಲ್ಲಿ ಗಾಜು ಬಗ್ಗಿಸುವವನು ಅವನು, ಗ್ಯಾಸ್ ತುಂಬುವವಳು ನಾನು. ಅಪ್ಪ ಇಬ್ಬರಿಗೂ ಈ ಕೆಲಸ ಕಲಿಸಿ ಹೋಗಿದ್ದ. ಆದರೂ ಆ ಪ್ರಶ್ನೆಯನ್ನು ಅವನು ಕೇಳಿದ ರೀತಿ ನನಗೆ ಸರಿಬರಲಿಲ್ಲ.

ಗಂಗಾವತಿಯಲ್ಲಿ ಒಂದು ಅಕ್ಕಿ ಗಿರಣಿಯ ಹಿಂದೆ ನಮ್ಮ ಶೆಡ್ಡಿದೆ. ಒಂದು ಕಾಲಕ್ಕೆ ಸಿನಿಮಾ ಟಾಕೀಸು, ಲಾಡ್ಜು, ಸೀರೆ ಅಂಗಡಿ, ಎಲ್ಲರಿಗೂ ನಿಯಾನ್ ಬೋರ್ಡೇ ಬೇಕಾಗಿತ್ತು. ಈಗ ಎಲ್ಇಡಿ ಬಂದು ಮುಕ್ಕಾಲು ಕೆಲಸ ಹೋಗಿದೆ. ಉಳಿದವರು ಹಳೆಯ ಗಿರಾಕಿಗಳು, ಮತ್ತು ಹಂಪಿ ನೋಡಲು ಬರುವವರನ್ನು ನಂಬಿಕೊಂಡ ಹೊಳೆಯ ಈಚೆಯ ಹೋಟೆಲ್‌ನವರು. ಬಂದವರಿಗೆ ನಿಜವಾದ ಗಾಜಿನ ಬೋರ್ಡಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವ ಆಸೆ. ನನ್ನ ಮದುವೆ ಮುರಿದು ತವರಿಗೆ ಬಂದಾಗ ಅಣ್ಣ, "ಮನ್ಯಾಗ ಕುಂತು ಏನ್ ಮಾಡ್ತಿ, ಶೆಡ್ಡಿಗೆ ಬಾ," ಅಂದಿದ್ದ. ಅಂದಿನಿಂದ ಪಂಪು ನನ್ನದು. ಟ್ಯೂಬಿನೊಳಗಿನ ಗಾಳಿಯನ್ನೆಲ್ಲ ಪಂಪು ಎಳೆದು ಹಾಕುತ್ತದೆ, ಟ್ಯೂಬನ್ನು ಚೆನ್ನಾಗಿ ಕಾಯಿಸಿ ಮತ್ತೊಮ್ಮೆ ಎಳೆಯಬೇಕು, ಆಮೇಲೆ ಸಿಲಿಂಡರಿನಿಂದ ಸ್ವಲ್ಪವೇ ಸ್ವಲ್ಪ ನಿಯಾನ್ ಬಿಟ್ಟು, ಗೇಜಿನ ಮುಳ್ಳು ನೋಡಿ, ಮೂತಿಯನ್ನು ಬೆಂಕಿಯಲ್ಲಿ ಕರಗಿಸಿ ಮುಚ್ಚಬೇಕು. ಮುಚ್ಚಿದ ಮೇಲೆ ಒಳಗಿನದು ಒಳಗೆ, ಹೊರಗಿನದು ಹೊರಗೆ. ಸರಿಯಾಗಿ ಮಾಡಿದ ಟ್ಯೂಬು ಮಾಡಿದವರಿಗಿಂತ ಹೆಚ್ಚು ಬಾಳುತ್ತದೆ ಎಂದು ಅಪ್ಪ ಹೇಳುತ್ತಿದ್ದ. ಬಸ್ ಸ್ಟ್ಯಾಂಡಿನ ಎದುರಿನ ಲಾಡ್ಜಿನ ಮೇಲೆ ಅಪ್ಪ ಮಾಡಿದ ಬೋರ್ಡು ಇವತ್ತಿಗೂ ಕೆಂಪಗೆ ಉರಿಯುತ್ತದೆ.

ಬೇಕರಿಯ ಫೋನ್ ಬಂದ ಮೇಲೆ ಅಣ್ಣ ಸಿಲಿಂಡರನ್ನು ಆಗಾಗ ಕೈಯಲ್ಲಿ ಎತ್ತಿ ನೋಡತೊಡಗಿದ. ನಾನು ಬಾಗಿಲಿಗೆ ಬಂದರೆ ಕೆಳಗಿಡುತ್ತಿದ್ದ. ಒಂದು ದಿನ ಅನ್ನಕ್ಕೆ ಕೂತಾಗ ಅಣ್ಣನ ಹೆಂಡತಿ, ನಮ್ಮ ವೈನಿ, ಸಾರು ಬಡಿಸುತ್ತ, "ಸಿಲಿಂಡರ್ ಲಗೂನ ಖಾಲಿ ಆಗಾಕತ್ತಂಗ ಕಾಣತೈತಿ ಅಂತ ನಿಮ್ಮಣ್ಣ ಅಂತಿದ್ರು. ನೀನೇನರ ಯಾರಿಗರ ಕೊಟ್ಟಿಯೇನು?" ಎಂದು ಕೇಳಿದಳು.

"ಯಾರಿಗೆ ಕೊಡ್ಲಿ ವೈನಿ? ಅದೇನು ಅಡಗಿ ಗ್ಯಾಸೇನು, ಮಗ್ಗಲ ಮನಿಯಾಕಿಗೆ ಕೊಡಾಕ?"

"ನಾನೇನು ಅನ್ನಲಿಲ್ಲವಾ. ಕೇಳಿದೆ ಅಷ್ಟ."

ವೈನಿ ತಾನಾಗಿ ಕೇಳುವವಳಲ್ಲ. ಆ ಮಾತು ಮೊದಲು ಅಣ್ಣನ ಬಾಯಲ್ಲಿ ಹುಟ್ಟಿ ಅವಳ ಬಾಯಿಗೆ ಬಂದಿದೆ ಎಂದು ನನಗೆ ತಿಳಿಯಿತು. ಯಾರ ಹೆಸರು ಅವರ ತಲೆಯಲ್ಲಿದೆ ಎಂಬುದೂ ತಿಳಿಯಿತು.

ಅಪ್ಪನ ಕೈಕೆಳಗೆ ನಮ್ಮ ಶೆಡ್ಡಿನಲ್ಲೇ ಕೆಲಸ ಕಲಿತವನೊಬ್ಬನಿದ್ದ. ಅಪ್ಪ ಹೋದ ಮೇಲೆ ಅಣ್ಣನೊಂದಿಗೆ ಜಗಳವಾಡಿ ಬಿಟ್ಟುಹೋಗಿ ಕೊಪ್ಪಳದಲ್ಲಿ ತನ್ನದೇ ಬೋರ್ಡಿನ ಅಂಗಡಿ ಹಾಕಿದ್ದ. ಹೆಚ್ಚಿನದು ಎಲ್ಇಡಿ ಕೆಲಸ, ನಡುನಡುವೆ ನಿಯಾನ್ ಕೂಡ. ನನ್ನ ವಿಚ್ಛೇದನದ ಕೇಸಿನ ತಾರೀಖಿಗೆಂದು ನಾನು ಕೊಪ್ಪಳದ ಕೋರ್ಟಿಗೆ ಹೋಗಿದ್ದ ದಿನ ಬಸ್ ಸ್ಟ್ಯಾಂಡಿನಲ್ಲಿ ಅವನು ಸಿಕ್ಕ. "ಅಕ್ಕಾ, ಚಾ ಕುಡೀ ಬಾ," ಅಂದ. ಕುಡಿದೆ. ಅಪ್ಪನ ಬಗ್ಗೆ ನಾಲ್ಕು ಮಾತಾಡಿದೆವು. ಬಸ್ ಬಂತು, ಹತ್ತಿದೆ. ಮನೆಯಲ್ಲಿ ಹೇಳಲಿಲ್ಲ. ಅವನ ಹೆಸರೆತ್ತಿದರೆ ಅಣ್ಣನ ಮುಖ ಬದಲಾಗುತ್ತದೆ, ಕೋರ್ಟಿನಿಂದ ಬಂದ ದಿನ ನನಗೆ ಇನ್ನೊಂದು ರಗಳೆ ಬೇಕಿರಲಿಲ್ಲ. ಆದರೆ ವೈನಿಯ ತವರಿನವರು ಯಾರೋ ನೋಡಿದ್ದರು. ಆ ಚಾ ಈಗ ಸಿಲಿಂಡರಿನ ಲೆಕ್ಕಕ್ಕೆ ಬಂದು ಕೂಡಿತ್ತು.

ಅವರು ನನ್ನನ್ನು ಸಂಶಯಿಸುತ್ತಿದ್ದಾರೆಂದು ತಿಳಿದ ಮೇಲೆ ನಾನೂ ಸುಮ್ಮನಿರಲಿಲ್ಲ. ಗ್ಯಾಸು ನಾನು ಸರಿಯಾಗಿ ತುಂಬಿದ್ದೆ, ಅದರಲ್ಲಿ ನನಗೆ ಅನುಮಾನವಿರಲಿಲ್ಲ. ಹಾಗಿದ್ದರೆ ಅದು ಎಲ್ಲಿಂದಲೋ ಹೊರಗೆ ಹೋಗಿರಬೇಕು. ಎಲ್ಲಿಂದ? ಅಣ್ಣನ ಜಾಯಿಂಟುಗಳಿಂದ. ಅವನಿಗೆ ಈಚೆಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ, ಚಷ್ಮಾ ಹಾಕಿಕೊಳ್ಳಲು ಒಪ್ಪುತ್ತಿರಲಿಲ್ಲ. ತುದಿಯ ಲೋಹದ ಎಲೆಕ್ಟ್ರೋಡನ್ನು ಗಾಜಿಗೆ ಕೂಡಿಸುವಾಗ ಕೂದಲಿನಷ್ಟು ಸಂದು ಉಳಿದರೂ ಸಾಕು. ತನ್ನ ತಪ್ಪು ಮುಚ್ಚಿಕೊಳ್ಳಲು ನನ್ನ ಮೇಲೆ ಹಾಕುತ್ತಿದ್ದಾನೆ ಎಂದುಕೊಂಡೆ. ಇನ್ನೂ ಮುಂದೆ ಹೋಗಿ, ನನ್ನನ್ನು ಶೆಡ್ಡಿನಿಂದಲೇ ಹೊರಗೆ ಹಾಕಲು ಗಂಡಹೆಂಡಿರು ಕೂಡಿ ನೆಪ ಹುಡುಕುತ್ತಿದ್ದಾರೆ ಎಂದೂ ಅನ್ನಿಸಿತು. ಅಂಥ ಯೋಚನೆ ಒಮ್ಮೆ ಬಂದರೆ ಸಾಕು, ವೈನಿ ನನ್ನ ತಟ್ಟೆಗೆ ಒಂದು ರೊಟ್ಟಿ ತಡವಾಗಿ ಹಾಕಿದರೂ ಅದಕ್ಕೊಂದು ಅರ್ಥ ಕಾಣುತ್ತದೆ.

ಅಣ್ಣ ಊಟಕ್ಕೆ ಹೋದಾಗ ನಾನು ಅವನು ಮುಗಿಸಿಟ್ಟ ಟ್ಯೂಬುಗಳನ್ನು ಸ್ಪಾರ್ಕ್ ಯಂತ್ರದಿಂದ ಪರೀಕ್ಷೆ ಮಾಡತೊಡಗಿದೆ. ಅದು ಕೈಯಲ್ಲಿ ಹಿಡಿಯುವ ಸಣ್ಣ ಯಂತ್ರ. ಅದರ ತುದಿಯಿಂದ ಕಿಡಿ ಹಾರುತ್ತದೆ. ಗಾಜಿನಲ್ಲಿ ಎಲ್ಲಾದರೂ ಸೂಜಿಮೊನೆಯಷ್ಟು ತೂತಿದ್ದರೆ ಕಿಡಿ ಅಲ್ಲೇ ನುಗ್ಗಿ ಬಿಳಿ ಚುಕ್ಕಿ ಕಾಣುತ್ತದೆ. ಯಾವುದರಲ್ಲೂ ಏನೂ ಸಿಗಲಿಲ್ಲ. ಒಂದು ಮಧ್ಯಾಹ್ನ ನಾನು ಹೀಗೆ ಬಗ್ಗಿ ನೋಡುತ್ತಿದ್ದಾಗ ಹಿಂದೆ ಸದ್ದಾಯಿತು. ಅಣ್ಣ ಚಪ್ಪಲಿ ಬಿಟ್ಟು ಬಾಗಿಲಲ್ಲಿ ನಿಂತಿದ್ದ.

"ನನ್ನ ಜಾಯಿಂಟ್ ಪರೀಕ್ಷಾ ಮಾಡಾಕತ್ತಿಯೇನು?"

"ನೀ ಸಿಲಿಂಡರ್ ಎತ್ತಿ ನೋಡೂದಿಲ್ಲೇನು?"

ಅವನ ಮುಖ ಕೆಂಪಾಯಿತು. ಯಂತ್ರವನ್ನು ನನ್ನ ಕೈಯಿಂದ ಕಸಿದುಕೊಂಡು ಮೂಲೆಗೆ ಹೋದ. ಅಲ್ಲಿ ಆನೆಗೊಂದಿ ಹೋಟೆಲ್ಲಿನಿಂದ ವಾಪಸು ತಂದಿದ್ದ ಟ್ಯೂಬಿತ್ತು. ಅದನ್ನು ಮೇಜಿನ ಮೇಲಿಟ್ಟು ತಂತಿ ಕೂಡಿಸಿ ಸ್ವಿಚ್ ಹಾಕಿದ. ಟ್ಯೂಬಿನಲ್ಲಿ ಬೆಳಕು ಸಣ್ಣ ಹಾವಿನ ಹಾಗೆ ಹೊರಳಾಡಿತು. ಮಂಕಾಗಿತ್ತು, ಆದರೆ ಕೆಂಪೇ ಇತ್ತು.

"ನೋಡು. ಛಲೋತ್ನಾಗಿ ನೋಡು. ಗಾಳಿ ಒಳಗ ಹೋಗಿದ್ರ ಬಣ್ಣ ಹೆಂಗಿರ್ತಿತ್ತು?"

"ನೇರಳಿ," ಅಂದೆ. ಗಾಳಿ ಸೇರಿದ ಟ್ಯೂಬು ಕೊಳಕು ನೇರಳೆಯಾಗುತ್ತದೆ, ಇದು ಈ ಕೆಲಸದವರಿಗೆಲ್ಲ ಗೊತ್ತಿರುವ ಮಾತು.

"ಇದು ಕೆಂಪೈತಿ. ಅಂದ್ರ ಎಲ್ಲೂ ಸೋರಿಲ್ಲ. ಸೋರಿಲ್ಲ ಅಂದ ಮ್ಯಾಲ ಗ್ಯಾಸ್ ಎಲ್ಲಿ ಹೋತು? ತುಂಬುವಾಗನ ಕಡಿಮಿ ಇತ್ತು. ಬ್ಯಾರೆ ಏನೈತಿ ಹೇಳು?"

ನಾನು ಬಿ.ಎಸ್ಸಿ. ಓದಿದವಳು. ನಿಯಾನು ಯಾವುದರ ಜೊತೆಗೂ ಕೂಡುವುದಿಲ್ಲ, ಕಬ್ಬಿಣಕ್ಕೆ ತುಕ್ಕು ಹಿಡಿಸುವ ಆಮ್ಲಜನಕದ ಹಾಗೆ ಏನನ್ನೂ ಹಿಡಿಯುವುದಿಲ್ಲ, ಅದಕ್ಕೇ ಅದನ್ನು ಜಡ ಅನಿಲ ಅನ್ನುತ್ತಾರೆ ಎಂದು ಪರೀಕ್ಷೆಯಲ್ಲಿ ಬರೆದವಳು. ಹೊರಗೂ ಹೋಗಿಲ್ಲ, ಒಳಗೂ ಇಲ್ಲ ಎಂದರೆ ಅಣ್ಣ ಹೇಳಿದ್ದೇ ಉಳಿಯುತ್ತದೆ.

"ಕೊಪ್ಪಳದಾವ ಈಗ ನಿಯಾನ್ ಕೆಲಸ ಹಿಡದಾನಂತ," ಅಂದ ಅಣ್ಣ. "ಅವಗ ಗ್ಯಾಸ್ ಎಲ್ಲಿಂದ ಬರತೈತೋ."

ಅಷ್ಟು ಹೇಳಿ ಅವನು ಬರ್ನರ್ ಹಚ್ಚಿಕೊಂಡು ಕೂತ. ನಾನು ಎಷ್ಟೋ ಹೊತ್ತು ಪಂಪಿನ ಹತ್ತಿರ ನಿಂತೇ ಇದ್ದೆ. ಅಳು ಬರಲಿಲ್ಲ. ಹಿಂದೆ ಗಂಡನ ಮನೆಯಲ್ಲೂ ಒಮ್ಮೆ ಬಂಗಾರದ ಸರವೊಂದು ಕಾಣೆಯಾದಾಗ ಎಲ್ಲರೂ ಹೀಗೇ ನನ್ನ ಕಡೆ ನೋಡದೆ ಮಾತಾಡಿದ್ದರು. ಅದು ಆಮೇಲೆ ಅತ್ತೆಯ ಹಾಸಿಗೆಯ ಗಾದಿಯ ಕೆಳಗೇ ಸಿಕ್ಕಿತ್ತು.

ಮರುದಿನ ಯಾರಿಗೂ ಹೇಳದೆ ಕುಷ್ಟಗಿಯ ಬಸ್ ಹತ್ತಿದೆ. ಗದ್ದೆಗಳು ಮುಗಿದು ಜೋಳದ ಹೊಲ, ದಾಳಿಂಬೆ ತೋಟ ಬರುವ ತನಕ ಒಂದೇ ಯೋಚನೆ: ಬೋರ್ಡನ್ನು ಯಾರಾದರೂ ಮುಟ್ಟಿರಬೇಕು. ಮಾಲಕರೇ ಏನೋ ಮಾಡಿ ನಮ್ಮ ಮೇಲೆ ಹಾಕುತ್ತಿರಬಹುದು.

ಬೇಕರಿ ಮಾಲಕರು ನನ್ನನ್ನು ಕಂಡು ಖುಷಿಪಡಲಿಲ್ಲ. "ನಿಮ್ಮಣ್ಣ ಬರಲಿಲ್ಲೇನ್ರಿ? ಹೆಣ್ಣಮಕ್ಕಳನ್ನ ಕಳಿಸ್ಯಾನ, ನಾ ಬೈಬಾರ್ದಂತ," ಅಂದರು. ನಾನು ಏಣಿ ಕೇಳಿದೆ. ಅವರು ಕೊಟ್ಟರು, ಆದರೆ ಒಬ್ಬ ಕೆಲಸದವನನ್ನು ಏಣಿಯ ಬುಡದಲ್ಲಿ ನಿಲ್ಲಿಸಿದರು. ನಾನು ಬೀಳಬಾರದೆಂದೋ, ಏನಾದರೂ ಬಿಚ್ಚಿಕೊಂಡು ಹೋಗಬಾರದೆಂದೋ ಗೊತ್ತಾಗಲಿಲ್ಲ.

ಮೇಲೆ ಹತ್ತಿ ಹತ್ತಿರದಿಂದ ನೋಡಿದೆ. ಬೋರ್ಡನ್ನು ಯಾರೂ ಮುಟ್ಟಿರಲಿಲ್ಲ. ನಾನು ಮುಚ್ಚಿದ ಮೂತಿಗಳು ಹಾಗೇ ಇದ್ದವು. ಒಂದೇ ಒಂದು ವಿಷಯ ಕಣ್ಣಿಗೆ ಬಿತ್ತು. ಪ್ರತಿ ಅಕ್ಷರದ ಎರಡೂ ತುದಿಗಳಲ್ಲಿ, ಎಲೆಕ್ಟ್ರೋಡ್ ಇರುವ ಜಾಗದಲ್ಲಿ, ಗಾಜು ಒಳಗಿನಿಂದ ಕಪ್ಪಾಗಿತ್ತು. ಒರೆಸಿದರೆ ಹೋಗುವಂಥ ಮಸಿಯಲ್ಲ. ಕನ್ನಡಿಯ ಹಿಂಭಾಗದ ಹಾಗೆ ಹೊಳೆಯುವ ಕಪ್ಪು. 'ಕ' ಅಕ್ಷರಕ್ಕೆ ಅದು ಎಲ್ಲಕ್ಕಿಂತ ದಟ್ಟವಾಗಿತ್ತು. ಹಳೆಯ ಟ್ಯೂಬುಗಳಲ್ಲಿ ಇಂಥ ಕಪ್ಪು ನೋಡಿದ್ದೆ, ಒಂದು ವರ್ಷವೂ ಆಗದ ಟ್ಯೂಬಿನಲ್ಲಿ ನೋಡಿರಲಿಲ್ಲ.

"ಇದೊಂದು ಅಕ್ಷರ ತಗೊಂಡ್ ಹೋಗ್ತೀನ್ರಿ," ಅಂದೆ.

"ಒಯ್ಯಿರಿ. ಆದ್ರ ಬೋರ್ಡ್ ನಡುವ ಖಾಲಿ ಬಿಡಬ್ಯಾಡ್ರಿ. 'ಬೇರಿ' ಅಂತ ಓದತಾರ ಮಂದಿ." ಅವರಿಗೆ ನಗು ಬಂತು, ನನಗೂ ಬಂತು. ಕೊನೆಗೆ ಸರಿಹೋಗುವ ತನಕ ಬೋರ್ಡನ್ನು ಆರಿಸಿಯೇ ಇಡುವುದೆಂದು ಮಾತಾಯಿತು.

'ಕ'ವನ್ನು ಹಳೆಯ ಸೀರೆಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಕಂಡಕ್ಟರ್ ಎರಡು ಸಲ ನೋಡಿ, "ಏನದು ಬೇ? ಕೂಸೇನು?" ಎಂದು ಕೇಳಿದ. ಗಾಜು ಎಂದೆ. ನಂಬದೆ ಸುತ್ತಿದ ಬಟ್ಟೆ ಸರಿಸಿ ನೋಡಿಯೇ ಮುಂದೆ ಹೋದ.

ಶೆಡ್ಡಿಗೆ ಬಂದಾಗ ಇನ್ನೂ ಬಿಸಿಲಿತ್ತು, ಅಣ್ಣ ಇರಲಿಲ್ಲ. 'ಕ'ಕ್ಕೆ ತಂತಿ ಕೂಡಿಸಿ ನೋಡಿದೆ. ನಡುಗುತ್ತ, ಹೊರಳುತ್ತ ಒಂದು ಕಡೆ ಹತ್ತಿ ಇನ್ನೊಂದು ಕಡೆ ಆರಿತು. ಸ್ವಿಚ್ ಆರಿಸಿ ತಂತಿ ಕಳಚಿದೆ. ಇನ್ನು ಇದರ ತುದಿಗಳನ್ನು ಕತ್ತರಿಸಿ ಒಳಗೆ ಏನಿದೆ ನೋಡುವುದೇ ಸರಿ ಎಂದು ಬರ್ನರ್ ಹಚ್ಚಿ, ಕಪ್ಪಾದ ಭಾಗವನ್ನು ಜ್ವಾಲೆಯ ಮೇಲೆ ನಿಧಾನಕ್ಕೆ ತಿರುಗಿಸತೊಡಗಿದೆ. ಒಮ್ಮೆಲೇ ಬಿಸಿಗೆ ಹಿಡಿದರೆ ಗಾಜು ಸಿಡಿಯುತ್ತದೆ, ಮೊದಲು ಸುತ್ತಲೂ ಕಾಯಿಸಬೇಕು. ಎರಡೂ ತುದಿಗಳು ಚೆನ್ನಾಗಿ ಕಾಯ್ದಿದ್ದವು, ಇನ್ನೇನು ಕತ್ತರಿಸಬೇಕು, ಅಷ್ಟರಲ್ಲಿ ಹೊರಗೆ ಅಣ್ಣನ ಗಾಡಿಯ ಸದ್ದಾಯಿತು. ಅವನ ಕಣ್ಣೆದುರಿಗಲ್ಲದೆ ಕತ್ತರಿಸಿದರೆ ಅದಕ್ಕೂ ಒಂದು ಮಾತು ಬರುತ್ತದೆ ಎಂದು ಬರ್ನರ್ ಆರಿಸಿಬಿಟ್ಟೆ.

ಅವನು ಒಳಗೆ ಬಂದು, "ಇದೆಲ್ಲಿಂದ ತಂದಿ?" ಅಂದ.

"ಕುಷ್ಟಗಿಗೆ ಹೋಗಿದ್ದೆ. ನೀನ ಹಚ್ಚಿ ನೋಡು, ಎಷ್ಟರ ಮಟ್ಟಿಗೆ ಕೆಟ್ಟೇತಿ ಅಂತ."

ಅವನು ಬಿಸಿ ಆರುವ ತನಕ ಕಾಯ್ದು, ತಂತಿ ಕೂಡಿಸಿ ಸ್ವಿಚ್ ಹಾಕಿದ. 'ಕ' ತುದಿಯಿಂದ ತುದಿಗೆ ಹತ್ತಿತು. ಹೊಸದರಷ್ಟು ಅಲ್ಲ, ಬಣ್ಣವೂ ಒಂಚೂರು ತೆಳುವಾಗಿತ್ತು. ಆದರೆ ನಡುಕವಿಲ್ಲದೆ ನಿಂತು ಉರಿಯಿತು.

ನಾನು ಬಾಯಿ ತೆರೆದು ನಿಂತೆ. ಅಣ್ಣ ಮೊದಲು ಟ್ಯೂಬನ್ನು, ಆಮೇಲೆ ಪಂಪನ್ನು, ಆಮೇಲೆ ನನ್ನನ್ನು ನೋಡಿದ.

"ಗ್ಯಾಸ್ ತುಂಬಿದಿ," ಅಂದ.

"ಇಲ್ಲ."

"ನಾ ಇಲ್ಲದಾಗ ಗ್ಯಾಸ್ ತುಂಬಿ, ಈಗ ನನ್ನ ಮುಂದ ಆಟ ಹೂಡಾಕತ್ತಿ."

"ಮೂತಿ ನೋಡು! ಒಡದೈತೇನು ನೋಡು! ಮೂತಿ ಒಡೀದ ಗ್ಯಾಸ್ ತುಂಬಾಕ ನಾನೇನು ಮಾಟ ಕಲ್ತೀನೇನು?"

ಅವನು ಸ್ವಿಚ್ ಆರಿಸಿ ಮೂತಿಯ ಮೇಲೆ ಬೆರಳಾಡಿಸಿದ. ಮೊದಲು ಮುಚ್ಚಿದ್ದು ಹಾಗೇ ಇತ್ತು, ಮೇಲೆ ಇಷ್ಟು ತಿಂಗಳ ಕುಷ್ಟಗಿಯ ಧೂಳು. ಪಂಪಿನ ಮೇಲೆ ಕೈಯಿಟ್ಟು ನೋಡಿದ, ತಣ್ಣಗಿತ್ತು. "ಏನ್ ಮಾಡಿದಿ ಹಂಗಾದ್ರ?" ಎಂದು ಕೇಳಿದ. ಅವತ್ತಿನ ಮಟ್ಟಿಗೆ ಅದು ಮೊದಲ ನಿಜವಾದ ಪ್ರಶ್ನೆ.

"ಕಾಯಿಸಿದೆ. ಅಷ್ಟ."

ಅವನು ನನ್ನ ಮಾತನ್ನು ನಂಬಲಿಲ್ಲ. ಎದ್ದುಹೋಗಿ ಆನೆಗೊಂದಿಯ ಟ್ಯೂಬನ್ನು ತಂದ. ಅದನ್ನು ನಾನು ಮುಟ್ಟಿರಲಿಲ್ಲ, ಅವನೇ ಬೇರೆ ಇಟ್ಟಿದ್ದ. ನನ್ನನ್ನು ದೂರ ನಿಲ್ಲಿಸಿ ತಾನೇ ಬರ್ನರ್ ಹಚ್ಚಿ ಕಪ್ಪಾದ ತುದಿಗಳನ್ನು ಕಾಯಿಸಿದ. ಆರಿಸಿದ. ತಂತಿ ಕೂಡಿಸಿದ. ಹಿಂದಿನ ದಿನ ಹಾವಿನ ಹಾಗೆ ಹೊರಳಾಡಿದ್ದ ಬೆಳಕು ಕೊಳವೆಯ ತುಂಬ ಸಮನಾಗಿ ನಿಂತಿತು.

ಅಣ್ಣ ಸ್ಟೂಲಿನ ಮೇಲೆ ಕೂತ. "ಗ್ಯಾಸ್ ಒಳಗ ಇತ್ತು," ಅಂದ. "ಎಲ್ಲಿತ್ತು ಇಷ್ಟ ದಿನ?"

ನನಗೆ ಭೌತಶಾಸ್ತ್ರ ಕಲಿಸಿದ ಮೇಡಂ ಈಗ ಯಲಬುರ್ಗಾದ ಕಾಲೇಜಿನಲ್ಲಿದ್ದಾರೆ. ಅವರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. ನಡೆದದ್ದನ್ನೆಲ್ಲ ಕೇಳಿ ಅವರು ನಕ್ಕರು. "ಅದು ಗಾಜಿನಾಗ ಹೋಗಿತ್ತವಾ," ಅಂದರು. "ನಿಯಾನ್ ಯಾರ ಜೊತಿನೂ ಕೂಡೂದಿಲ್ಲ, ಖರೆ. ಆದ್ರ ಕರೆಂಟ್ ಹರಿಯುವಾಗ ಅದರ ಕಣಗಳು ಜೋರಾಗಿ ಓಡಿ ಗಾಜಿಗೆ, ಎಲೆಕ್ಟ್ರೋಡಿಗೆ ಬಡಿದು ಒಳಗ ನಟ್ಟ ಬಿಡತಾವ. ಅದ ಹೊಡತಕ್ಕ ಎಲೆಕ್ಟ್ರೋಡಿನ ಲೋಹ ಎದ್ದು ಗಾಜಿನ ಮ್ಯಾಲ ಕೂಡತೈತಿ. ನೀ ಕಂಡಿದ್ದು ಆ ಕಪ್ಪು. ಅದು ಗ್ಯಾಸನ್ನ ಹೂಳಿ ಮುಚ್ಚಿಬಿಡತೈತಿ. ಗ್ಯಾಸ್ ಕಡಿಮಿ ಆದಂಗ ಹೊಡತ ಇನ್ನೂ ಜೋರಾಗತೈತಿ. ಕಾಯಿಸಿದ್ರ ಒಂದಿಷ್ಟು ಹೊರಗ ಬರತೈತಿ. ಬಲ್ಬ್ ಮಾಡೋರಿಗೆ ಇದು ಭಾಳ ಹಳೇ ಸುದ್ದಿ."

"ಎಲ್ಲಾ ಟ್ಯೂಬಿನಾಗೂ ಹಿಂಗ ಆಗತೈತೇನ್ರಿ ಮೇಡಂ?" ಎಂದು ಅಣ್ಣ ಕೇಳಿದ.

"ಎಲ್ಲಾದ್ರಾಗೂ ಒಂಚೂರು ಆಗತೈತ್ರಿ. ಆದ್ರ ಭಾಳ ವರ್ಷ ಬೇಕು. ಇಷ್ಟು ಲಗೂನ ಆಗೇತಿ ಅಂದ್ರ ಕರೆಂಟ್ ಭಾಳ ಕೊಟ್ಟೀರಿ, ಇಲ್ಲಾ ಎಲೆಕ್ಟ್ರೋಡ್ ಸಣ್ಣದು ಹಾಕೀರಿ."

ಫೋನ್ ಇಟ್ಟ ಮೇಲೆ ಅಣ್ಣ ಗೋಡೆಯ ಕಡೆ ನೋಡುತ್ತ ಕೂತ. ಅಲ್ಲಿ ಹೊಸ ಟ್ರಾನ್ಸ್‌ಫಾರ್ಮರುಗಳ ಡಬ್ಬಿಗಳಿದ್ದವು. ಮಗ್ಗುಲ ಅಂಗಡಿಗಳ ಎಲ್ಇಡಿಯ ಮುಂದೆ ನಮ್ಮ ಬೋರ್ಡು ಎದ್ದು ಕಾಣಲಿ ಎಂದು ಅವನೇ ಹುಬ್ಬಳ್ಳಿಯಿಂದ ಹೆಚ್ಚು ಕರೆಂಟ್ ಕೊಡುವ ದೊಡ್ಡವನ್ನು ತರಿಸಿದ್ದ. ಬೇಕರಿಗೆ, ಹೋಟೆಲ್ಲಿಗೆ ಎರಡಕ್ಕೂ ಅವನ್ನೇ ಹಾಕಿದ್ದ. ಎಲೆಕ್ಟ್ರೋಡು ಮಾತ್ರ ಮೊದಲಿನ ಸಣ್ಣದೇ. ನಾನೂ ಅದನ್ನು ನೋಡಿದ್ದೆ, ನನಗೂ ಹೊಳೆದಿರಲಿಲ್ಲ.

ಅವನು ಏನಾದರೂ ಹೇಳುತ್ತಾನೆ ಎಂದು ಕಾಯ್ದೆ. ಅವನು ಎದ್ದು, "ಕೊಪ್ಪಳದಾಗ ಅವನ ಜೊತಿ ಏನ್ ಮಾತಾಡಿದಿ?" ಎಂದು ಕೇಳಿದ. ನನಗೆ ಆಗ ಬಂದಷ್ಟು ಸಿಟ್ಟು ಹಿಂದಿನ ದಿನವೂ ಬಂದಿರಲಿಲ್ಲ. ಗ್ಯಾಸಿನ ಲೆಕ್ಕ ಚುಕ್ತಾ ಆಗಿತ್ತು, ಸಂಶಯ ಮಾತ್ರ ಹಾಗೇ ಕೂತಿತ್ತು.

"ಅಪ್ಪನ ಬಗ್ಗೆ ಮಾತಾಡಿದೆ," ಅಂದೆ. "ನಂಬಿದ್ರ ನಂಬು, ಬಿಟ್ರ ಬಿಡು. ಮುಂದಿನ ತಿಂಗಳಿಂದ ನಾ ಬ್ಯಾರೆ ಖೋಲಿ ಹಿಡೀತೀನಿ. ಕೆಲಸಕ್ಕ ಬರತೀನಿ. ಊಟಕ್ಕ ಬರೂದಿಲ್ಲ."

"ಯಾಕ, ನಿಮ್ಮ ವೈನಿ ಏನರ ಅಂದ್ಲೇನು?"

"ವೈನಿ ಅಂದಿದ್ದು ನಿನ್ನ ಮಾತು."

ಅವನು ತಲೆ ತಗ್ಗಿಸಿದ. ನಾನು ಹಟ ಬಿಡಲಿಲ್ಲ.

ಎರಡು ವಾರದ ಮೇಲೆ ದೊಡ್ಡ ಎಲೆಕ್ಟ್ರೋಡ್ ಹಾಕಿದ ಹೊಸ ಅಕ್ಷರಗಳು, ಸಣ್ಣ ಟ್ರಾನ್ಸ್‌ಫಾರ್ಮರು ತೆಗೆದುಕೊಂಡು ಇಬ್ಬರೂ ಕುಷ್ಟಗಿಗೆ ಹೋದೆವು. ಬೇಕರಿಯಲ್ಲಿ ಸಂಜೆಯ ಗಿರಾಕಿ ತುಂಬಿತ್ತು. ಬೋರ್ಡು ಹತ್ತಿದ ಮೇಲೆ ಮಾಲಕರು ಕೆಳಗಿನಿಂದ ನೋಡಿ, "ಮೊದಲಿನಷ್ಟು ಝಗಮಗ ಇಲ್ಲಲ್ರಿ?" ಅಂದರು. ಆಮೇಲೆ ಅರ್ಧ ತಮಾಷೆಗೆ, "ಈ ಸಲನಾದ್ರೂ ಅಕ್ಕಾರು ಗ್ಯಾಸ್ ಪೂರಾ ತುಂಬ್ಯಾರೋ ಇಲ್ಲೋ?" ಎಂದು ಕೇಳಿದರು.

ಅಣ್ಣ ಏಣಿಯ ಮೇಲಿದ್ದ. ಅಲ್ಲಿಂದಲೇ ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಮಾಲಕ್ರ, ಹಿಂದಿನ ಸಲನೂ ನನ್ನ ತಂಗಿ ಗ್ಯಾಸ್ ಪೂರಾ ತುಂಬಿದ್ಲು. ಹೆಚ್ಚು ಬೆಳಕು ಬೇಕಂತ ದೊಡ್ಡ ಟ್ರಾನ್ಸ್‌ಫಾರ್ಮರ್ ಹಾಕಿದಾವ ನಾನು. ಕೆಡಿಸಿದಾವ ನಾನು. ಆಕಿನ್ನ ಏನೂ ಕೇಳಬ್ಯಾಡ್ರಿ."

ಬನ್ನು ಕಟ್ಟಿಸಿಕೊಳ್ಳುತ್ತಿದ್ದ ಮಂದಿ ತಿರುಗಿ ನನ್ನನ್ನು ನೋಡಿದರು. ನಾನು ತಂತಿಯ ಉಂಡೆ ಸುತ್ತುತ್ತ ನಿಂತೆ. ನನಗೆ ನೇರವಾಗಿ ಅವನು ಆ ಮಾತನ್ನು ಹೇಳಲಿಲ್ಲ, ಇವತ್ತಿನ ತನಕವೂ ಹೇಳಿಲ್ಲ.

ಬಾಡಿಗೆ ಖೋಲಿಯನ್ನು ನಾನು ಹಿಡಿದೇ ಹಿಡಿದೆ. ಕಾಲುವೆಯ ಹತ್ತಿರ, ಸಿದ್ದಾಪುರದ ದಾರಿಯಲ್ಲಿ. ಮೊದಲ ವಾರ ವೈನಿ ಒಂದು ಡಬ್ಬಿಯಲ್ಲಿ ಪುಂಡಿಪಲ್ಲೆ ತಂದುಕೊಟ್ಟಳು. ಬಾಗಿಲಲ್ಲಿ ನಿಂತೇ ಒಳಗೆಲ್ಲ ಕಣ್ಣಾಡಿಸಿದಳು, ಯಾರ ಚಪ್ಪಲಿಯಾದರೂ ಇದೆಯೇನೋ ಎಂಬಂತೆ. "ಬರ್ರಿ ವೈನಿ, ಒಳಗ ಬಂದು ನೋಡ್ರಿ," ಅಂದೆ. ಅವಳು ನಾಚಿಕೊಂಡು ಒಳಗೆ ಬಂದಳು. ನಾನು ಚಾಕ್ಕೆ ನೀರಿಟ್ಟೆ.